0.04 ಇದ್ದದ್ದು 0.07 ಆಗಿದೆ, ಕಾಯಿಲೆ ಮರುಕಳಿಸಿತೇ?

ಪ್ರಶ್ನೆ: ನನ್ನ ತಂದೆಗೆ ಸಿಎಂಎಲ್ ಎಂಬ ರಕ್ತ ಕ್ಯಾನ್ಸರ್. ನಾಲ್ಕು ವರ್ಷದಿಂದ ಇಮ್ಯಾಟಿನಿಬ್ ಮಾತ್ರೆ ನುಂಗುತ್ತಿದ್ದಾರೆ. ಕಳೆದ ಸಲ ಬಿಸಿಆರ್-ಎಬಿಎಲ್ ಎಂಬ ಜೀನಿನ ಪರೀಕ್ಷೆಯಲ್ಲಿ ಶೇ 0.04 ಇತ್ತು. ಈ ಸಲ ಬೇರೆ ಲ್ಯಾಬಿನಲ್ಲಿ ಮಾಡಿಸಿದೆವು, 0.07 ಬಂದಿದೆ. ಹೆಚ್ಚುಕಡಿಮೆ ಎರಡು ಪಟ್ಟು! ಅಷ್ಟಕ್ಕೂ ಜೀನ್ ಹುಟ್ಟಿದಾಗ ಇದ್ದಂತೆಯೇ ಇರುತ್ತದಲ್ಲ, ಮತ್ತೆ ಮತ್ತೆ ಅಳೆಯುವುದೇಕೆ?

ಉತ್ತರ: ಮೊದಲು ಗಾಬರಿ ಬಿಡಿ. ಶೇ 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ನಿಮ್ಮ ಎರಡೂ ರಿಪೋರ್ಟ್ ಅದರೊಳಗೇ ಇವೆ.

ಈ ಜೀನ್ ಹುಟ್ಟಿನಿಂದ ಬಂದದ್ದಲ್ಲ. ಅಸ್ಥಿಮಜ್ಜೆಯ ಒಂದು ಕೋಶದಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಅಂಟಿಕೊಂಡು ಹುಟ್ಟಿದ್ದು. ಅದು ಚಟುವಟಿಕೆಯಿಂದ ಇರುವಷ್ಟು ಕಾಲ ಆರ್‌ಎನ್‌ಎ ಪ್ರತಿಗಳನ್ನು ತಯಾರಿಸುತ್ತಿರುತ್ತದೆ. ಪರೀಕ್ಷೆ ಎಣಿಸುವುದು ಆ ಪ್ರತಿಗಳನ್ನು. ಕ್ಯಾನ್ಸರ್ ಕೋಶಗಳು ಕಡಿಮೆಯಾದಂತೆ ಅವೂ ಇಳಿಯುತ್ತವೆ.

ಆದರೆ ಆರ್‌ಎನ್‌ಎ ಬಲು ನಾಜೂಕು, ರಕ್ತ ತೆಗೆದ ಮೇಲೆ ಟ್ಯೂಬಿನಲ್ಲೇ ಒಡೆಯತೊಡಗುತ್ತದೆ. ಶನಿವಾರ ಸಂಜೆ ತೆಗೆದು ಸೋಮವಾರ ಲ್ಯಾಬಿಗೆ ಮುಟ್ಟಿಸುವುದು ನನಗಂತೂ ಒಪ್ಪಿಗೆಯಿಲ್ಲ. ಟ್ಯೂಬೂ ನೇರಳೆ ಮುಚ್ಚಳದ ಇಡಿಟಿಎ ಆಗಿರಬೇಕು. ಹಸಿರು ಮುಚ್ಚಳದ್ದರಲ್ಲಿರುವ ಹೆಪಾರಿನ್, ಪ್ರತಿಗಳನ್ನು ಎಣಿಸುವ ವಿಧಾನವಾದ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ.

ಹೀಗೆ ಹಾಳಾಗಿದೆಯೇ ಎಂದು ತಿಳಿಯಲೆಂದೇ ಎಬಿಎಲ್ ಎಂಬ ಸಾಮಾನ್ಯ ಜೀನಿನ ಪ್ರತಿಗಳನ್ನೂ ಜೊತೆಗೇ ಎಣಿಸುತ್ತಾರೆ. ನೀವು ನೋಡುವ ಶೇಕಡಾ ಅದಕ್ಕೆ ಹೋಲಿಸಿದ್ದು. ಬಹಳ ಜನ ರಿಪೋರ್ಟಿನ ಈ ಸಾಲನ್ನು ಓದುವುದೇ ಇಲ್ಲ. ಎಬಿಎಲ್ ಪ್ರತಿಗಳು ಕನಿಷ್ಠ 10,000 ಇರಬೇಕು. ಎರಡೋ ಮೂರೋ ಸಾವಿರವಿದ್ದರೆ ‘ಬಿಸಿಆರ್-ಎಬಿಎಲ್ ಪತ್ತೆಯಾಗಿಲ್ಲ’ ಎಂದು ಬಂದರೂ ಸಂಭ್ರಮಿಸುವಂತಿಲ್ಲ.

ಇನ್ನು ಎರಡು ಲ್ಯಾಬುಗಳ ಮಾತು. ಸಂಖ್ಯೆಯ ಪಕ್ಕ ‘ಐಎಸ್’, ಅಂದರೆ ಅಂತರರಾಷ್ಟ್ರೀಯ ಮಾಪನ, ಎಂದಿದೆಯೇ ನೋಡಿ. ಇಲ್ಲದಿದ್ದರೆ ಹೋಲಿಸುವುದೇ ತಪ್ಪು. ಇದ್ದರೂ, ಇಷ್ಟು ಕೆಳಮಟ್ಟದಲ್ಲಿ ಎರಡು ಪಟ್ಟು ಏರಿಳಿತ ಪರೀಕ್ಷೆಯದ್ದೇ ಇರಬಹುದು, ಕಾಯಿಲೆಯದ್ದಲ್ಲ.

ಒಂದೇ ಲ್ಯಾಬಿನಲ್ಲಿ ಸಲದಿಂದ ಸಲಕ್ಕೆ ಏರುತ್ತಾ 0.1 ದಾಟಿದರೆ ಆಗ ಯೋಚಿಸಬೇಕು. ಅಂಥವರು ಬಂದಾಗ ವೈದ್ಯರು ಮೊದಲು ಕೇಳುವುದು ಮಾತ್ರೆ ತಪ್ಪಿಸಿದ್ದೀರಾ ಎಂದು. ಅದನ್ನು ನಿಮ್ಮ ತಂದೆಯವರನ್ನು ಗದರದೆ ಕೇಳಿ ನೋಡಿ. ಡೋಸನ್ನು ಮಾತ್ರ ನೀವಾಗಿ ಬದಲಿಸಬೇಡಿ. ಎರಡೂ ರಿಪೋರ್ಟನ್ನು ವೈದ್ಯರಿಗೆ ತೋರಿಸಿ, ಮುಂದಿನ ಸ್ಯಾಂಪಲ್ಲನ್ನು ಹಳೆಯ ಲ್ಯಾಬಿಗೇ ಕೊಡಿ.