ಹೆಲಿಕ್ಸ್ ವೋಲ್ಟೇಜ್ ಡಬಲ್ ಮಾಡಿದ್ರೆ ಪವರ್ ಎಷ್ಟಾಗುತ್ತೆ?

"4 ಕೆವಿಲಿ 40 ವ್ಯಾಟ್ ಕೊಡೋ ಟ್ರಾವೆಲಿಂಗ್ ವೇವ್ ಟ್ಯೂಬಿಗೆ 8 ಕೆವಿ ಕೊಟ್ರೆ ಎಷ್ಟು ಬರುತ್ತೆ" ಅಂತ ಕೇಳಿದೀರಲ್ಲ ಸರ್, ಲೆಕ್ಕ ಹಾಕಿದ್ರೆ ಯಾರಿಗಾದ್ರೂ ಆಸೆ ಹುಟ್ಟುತ್ತೆ ಬಿಡಿ (ಕೆವಿ ಅಂದ್ರೆ ಸಾವಿರ ವೋಲ್ಟ್). ಈ ಟ್ಯೂಬ್ ಮೈಕ್ರೋವೇವ್ ಸಿಗ್ನಲ್ಲನ್ನ ದೊಡ್ಡದು ಮಾಡೋ ಸಾಧನ, ಹೆಲಿಕ್ಸ್ ಅನ್ನೋ ತಂತಿ ಸುರುಳಿ ಮಧ್ಯೆ ಓಡೋ ಎಲೆಕ್ಟ್ರಾನ್ ಬೀಮು ಸುರುಳಿಲಿರೋ ಸಿಗ್ನಲ್ಲಿಗೆ ಶಕ್ತಿ ಕೊಡುತ್ತೆ. ಎಲೆಕ್ಟ್ರಾನ್ ಉಗುಳೋ ಗನ್ನಿಂದ ಬರೋ ಕರೆಂಟು ವೋಲ್ಟೇಜಿನ 1.5ನೇ ಘಾತದಲ್ಲಿ ಏರುತ್ತೆ, ಅಂದ್ರೆ 4 ಕೆವಿಗೆ 50 ಮಿಲಿಆಂಪ್ ಇದ್ದದ್ದು 8ಕ್ಕೆ 140ರ ಹತ್ರ ಹೋಗುತ್ತೆ, ಬೀಮ್ ಪವರು 200 ವ್ಯಾಟಿಂದ 1100 ದಾಟುತ್ತೆ. ಆದ್ರೆ ಅದಿರೋದು ಬೀಮಲ್ಲಿ, ನಿಮ್ಮ ಆಂಟೆನಾದಲ್ಲಲ್ಲ.

4 ಕೆವಿಲಿ ಎಲೆಕ್ಟ್ರಾನ್ ಓಡೋದು ಬೆಳಕಿನ ವೇಗದ ಎಂಟನೇ ಒಂದರಷ್ಟು. ಸಿಗ್ನಲ್ಲು ತಂತಿ ಗುಂಟ ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲೇ ಹೋಗುತ್ತೆ, ಅದಕ್ಕೇ 1 ಸೆಂಟಿಮೀಟರ್ ಮುಂದಕ್ಕೆ ಹೋಗ್ಬೇಕಾದ್ರೆ ಸುಮಾರು 8 ಸೆಂಟಿಮೀಟರ್ ತಂತಿ ಸುತ್ತಿ ಬರೋ ಥರ ಸುರುಳಿ ಮಾಡಿರ್ತಾರೆ. ಬೀಮು, ಸಿಗ್ನಲ್ ಅಲೆ ಎರಡೂ ಜೊತೆಜೊತೆಗೆ ಹೋದ್ರೇನೇ ಎಲೆಕ್ಟ್ರಾನ್‌ಗಳು ಗುಂಪುಗಟ್ಟಿ ಅಲೆಗೆ ಶಕ್ತಿ ಕೊಡೋದು. 8 ಕೆವಿಲಿ ವೇಗ 1.4 ಪಟ್ಟು, ಬೀಮು ಅಲೇನ ಹಿಂದೆ ಬಿಟ್ಟು ಓಡಿಹೋಗುತ್ತೆ, ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತೆ ಅನ್ನೋದು) ಮಟಾಷ್. ಸರಿಯಾದ ವೋಲ್ಟೇಜಿಗಿಂತ ಒಂಚೂರು ಮೇಲಿಟ್ರೆ ಗೇನ್ ಇಳಿದು ಗರಿಷ್ಠ ಪವರ್ ಸ್ವಲ್ಪ ಏರೋದು ನಿಜ, ಅಷ್ಟೇ.

ಇನ್ನು ಬಿಸಿ. ತೆಳು ತಂತಿಯ ಹೆಲಿಕ್ಸಿನ ಬಿಸಿ ಹೊರಗೆ ಬರೋಕೆ ಸಣ್ಣ ಸೆರಾಮಿಕ್ ಕಡ್ಡಿಗಳು ಬಿಟ್ರೆ ಬೇರೆ ದಾರಿ ಇಲ್ಲ, ಬೀಮು ಅದಕ್ಕೆ ತಾಗದ ಹಾಗೆ ಹಿಡಿದಿರೋದು ಸುತ್ತ ಇರೋ ಮ್ಯಾಗ್ನೆಟ್ ಸಾಲು, ಅದೂ 4 ಕೆವಿ ಬೀಮಿಗೆ ಅಂತಲೇ ಜೋಡಿಸಿದ್ದು. ಒಂದ್ಸಲ ನನ್ನ ಕಬ್ಬಿಣದ ಸ್ಕ್ರೂಡ್ರೈವರ್ ಆ ಮ್ಯಾಗ್ನೆಟ್ಟಿಗೆ ಪಟ್ ಅಂತ ಅಂಟ್ಕೊಂಡಿದ್ದಷ್ಟೇ, ಹೆಲಿಕ್ಸ್ ಕರೆಂಟ್ ಮುಳ್ಳು ಎದ್ದು ಕೂತ್ಕೊಂಡು ಸಪ್ಲೈ ಟ್ರಿಪ್ ಆಯ್ತು, ಟ್ರಿಪ್ ಇಲ್ದಿದ್ರೆ ಟ್ಯೂಬ್ ಕಥೆ ಮುಗೀತಿತ್ತು.

ನಿಜವಾಗ್ಲೂ ದೊಡ್ಡ ಪವರ್ ಬೇಕಂದ್ರೆ ಸುರುಳೀನೇ ಬಿಟ್ಟು ದಪ್ಪ ತಾಮ್ರದ ಕ್ಯಾವಿಟಿಗೆ (ಟೊಳ್ಳು ಕೋಣೆಗೆ) ಹೋಗ್ಬೇಕು, ಅಂದ್ರೆ ಕಪಲ್ಡ್ ಕ್ಯಾವಿಟಿ ಟ್ಯೂಬು ಇಲ್ಲಾ ಕ್ಲೈಸ್ಟ್ರಾನು. ಕ್ಲೈಸ್ಟ್ರಾನು ಅಮೆರಿಕದ ವೇರಿಯನ್ ಅಣ್ಣತಮ್ಮಂದಿರು 1937ರಲ್ಲಿ ಮಾಡಿದ್ದು, ಸ್ಟ್ಯಾನ್‌ಫರ್ಡಿನ ಉದ್ದದ ಆಕ್ಸಿಲರೇಟರಲ್ಲಿ ಒಂದೊಂದು ಕ್ಲೈಸ್ಟ್ರಾನು 350 ಕೆವಿಲಿ 65 ಮೆಗಾವ್ಯಾಟ್ ಪಲ್ಸ್ ಕೊಡುತ್ತೆ. ಬದಲಿಗೆ ಬ್ಯಾಂಡ್‌ವಿಡ್ತ್ ಬಿಟ್ಕೊಡ್ಬೇಕು, ಅಂದ್ರೆ ಒಂದೇ ಟ್ಯೂಬಲ್ಲಿ ಹಿಡಿಯೋ ಫ್ರೀಕ್ವೆನ್ಸಿಗಳ ಹರವು ಕಮ್ಮಿ ಆಗುತ್ತೆ.

ನಿಮ್ಮ ಟ್ಯೂಬಲ್ಲಿ ಬಾಡಿ ಗ್ರೌಂಡ್ ಆಗಿದ್ರೆ ಎಲೆಕ್ಟ್ರಾನ್ ಬಿಡೋ ಕ್ಯಾಥೋಡ್ ಜೊತೆ ಅದನ್ನ ಕಾಯಿಸೋ ಹೀಟರೂ ಮೈನಸ್ 4 ಕೆವಿ ಮೇಲೆ ಇರುತ್ತೆ, ಮಾಮೂಲಿ ಟ್ರಾನ್ಸ್‌ಫಾರ್ಮರ್ ಹಾಕಿದ್ರೆ ಇನ್ಸುಲೇಷನ್ ಸುಟ್ಟು ಹೋಗುತ್ತೆ. ಮೊದ್ಲು ಹೀಟರ್ ಕೊಟ್ಟು ಡೇಟಾಶೀಟಲ್ಲಿ ಹೇಳಿದಷ್ಟು ನಿಮಿಷ ಕಾಯಿರಿ, ಆಮೇಲೆ ಎಚ್‌ಟಿ, ಅಂದ್ರೆ ಹೈ ವೋಲ್ಟೇಜ್. ಕೊನೇಲಿ ಬೀಮ್ ಹಿಡಿಯೋ ಕಲೆಕ್ಟರಿನ ವೋಲ್ಟೇಜ್ ಒಂದೇ ಹೋಗಿ ಬೀಮ್ ಉಳೀಬಾರ್ದು, ಅದೆಲ್ಲಾ ವಾಪಸ್ ಹೆಲಿಕ್ಸ್ ಮೇಲೆ ಬೀಳುತ್ತೆ. ಆಫ್ ಮಾಡಿದ್ಮೇಲೂ ಕೆಪಾಸಿಟರ್ ಡಿಸ್ಚಾರ್ಜ್ ಮಾಡ್ದೆ ಕೈ ಹಾಕ್ಬೇಡಿ. ಟ್ಯೂಬಿನ ಲೇಬಲ್ ಫೋಟೋ ಹಾಕಿ, ಹೆಲಿಕ್ಸ್ ಕರೆಂಟ್ ಟ್ರಿಪ್ ಎಷ್ಟಕ್ಕೆ ಇಡ್ಬೇಕು ಅಂತ ನೋಡೋಣ.