ಎಪಿಎಯಲ್ಲಿರುವ ಆಕರಪಟ್ಟಿಯನ್ನು ಎಪಿಎಸ್‌ಎ ಶೈಲಿಗೆ ಬದಲಿಸುವುದು ಎಷ್ಟು ಕೆಲಸ?

ಪ್ರಬಂಧ ಪೂರ್ತಿ ಎಪಿಎ (APA) ಎಂಬ ಆಕರ ಕೊಡುವ ಶೈಲಿಯಲ್ಲಿ ಬರೆದಾಗಿದೆ, ಈಗ ವಿಭಾಗದವರು ಎಪಿಎಸ್‌ಎ (APSA) ಎಂಬ ಇನ್ನೊಂದು ಶೈಲಿ ಬೇಕು ಅಂತಿದ್ದಾರೆ, ಕಾಮಾ-ಕಂಸ ತಿದ್ದಿದರೆ ಒಂದು ಸಂಜೆಯಲ್ಲಿ ಮುಗಿಯುತ್ತದೆಯೇ ಎಂದು ಕೇಳಿದ್ದೀರಿ. ಕಾಮಾ-ಕಂಸಗಳೇನೋ ಮುಗಿಯುತ್ತವೆ. ಆದರೆ ಎಪಿಎಗೆ ಬೇಡವಾದ ಕಾರಣ ನೀವು ಬರೆದುಕೊಳ್ಳದೆ ಬಿಟ್ಟ ವಿವರಗಳಿವೆಯಲ್ಲ, ಅವನ್ನು ಮತ್ತೆ ಹುಡುಕಿ ತರುವುದೇ ನಿಜವಾದ ಕೆಲಸ. ನಾನೂ ನಿಮ್ಮ ಹಾಗೆಯೇ ಒಂದು ಸಂಜೆ ಎಂದುಕೊಂಡು ಕೂತವನು. ಎರಡು ವಾರ ಹಿಡಿಯಿತು.

ಹೆಸರು ಹತ್ತಿರವಿದ್ದರೂ ಇವೆರಡಕ್ಕೂ ನಂಟಿಲ್ಲ. ಎಪಿಎ ಮನಶ್ಶಾಸ್ತ್ರದವರದು. ಎಪಿಎಸ್‌ಎ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘದ್ದು. ಅದರ 2018ರ ಕೈಪಿಡಿ ಶಿಕಾಗೊ ಎಂಬ ಮತ್ತೊಂದು ಶೈಲಿಯ ಲೇಖಕ-ವರ್ಷ ಪದ್ಧತಿಯನ್ನು ಅನುಸರಿಸುತ್ತದೆ. ಹಾಗಾಗಿ ಯಾವುದಾದರೂ ಆಕರಕ್ಕೆ ನಿಯಮ ಸಿಗದಿದ್ದರೆ ಶಿಕಾಗೊ ನೋಡಿ, ಆದರೆ ಅದರ ಅಡಿಟಿಪ್ಪಣಿ ಪದ್ಧತಿಯನ್ನಲ್ಲ. ಎಪಿಎಸ್‌ಎಯಲ್ಲಿ ಟಿಪ್ಪಣಿ ಇರುವುದು ವಿವರಣೆಗೆ, ಆಕರ ಕೊಡುವುದಕ್ಕಲ್ಲ.

ಮೊದಲು ಸುಲಭದ್ದು. ಪಠ್ಯದೊಳಗೆ (ಡಾಲ್, 1961, ಪು. 89) ಎಂದಿದ್ದದ್ದು (ಡಾಲ್ 1961, 89) ಆಗುತ್ತದೆ. ಹೆಸರಿಗೂ ವರ್ಷಕ್ಕೂ ನಡುವೆ ಕಾಮಾ ಇಲ್ಲ, ಪುಟಸಂಖ್ಯೆಗೆ ಮುಂಚೆ ಕಾಮಾ ಮಾತ್ರ. ಆಂಪರ್‌ಸ್ಯಾಂಡ್ (&) ಚಿಹ್ನೆ ಇದ್ದಲ್ಲೆಲ್ಲ 'ಅಂಡ್' ಎಂದೇ ಬರೆಯಬೇಕು. ಪಟ್ಟಿಯಲ್ಲಿ ವರ್ಷದ ಸುತ್ತಲಿನ ಕಂಸ ಹೋಗಿ, ಹೆಸರಿನ ನಂತರ ಬಿಂದು, ವರ್ಷದ ನಂತರ ಬಿಂದು. ಲೇಖನದ ಶೀರ್ಷಿಕೆ ಉದ್ಧರಣ ಚಿಹ್ನೆಯೊಳಗೆ.

ಈಗ ಕಷ್ಟದ್ದು. ಎಪಿಎ ಲೇಖಕರ ಮೊದಲ ಹೆಸರನ್ನು ಇನಿಶಿಯಲ್‌ಗೆ ಇಳಿಸಿಬಿಡುತ್ತದೆ; ಎಪಿಎಸ್‌ಎಗೆ ಪೂರ್ತಿ ಹೆಸರು ಬೇಕು. 'ಬಕ್ರಾಕ್, ಪಿ., & ಬಾರಾಟ್ಜ್, ಎಂ. ಎಸ್.' ಎಂದು ನೀವು ಬರೆದುಕೊಂಡದ್ದು ಹೀಗಾಗಬೇಕು: ಬಕ್ರಾಕ್, ಪೀಟರ್, ಅಂಡ್ ಮಾರ್ಟನ್ ಎಸ್. ಬಾರಾಟ್ಜ್. 1962. "ಟೂ ಫೇಸಸ್ ಆಫ್ ಪವರ್." ಇದಾದ ಮೇಲೆ ಓರೆ ಅಕ್ಷರದಲ್ಲಿ ಪತ್ರಿಕೆಯ ಹೆಸರು, ಆಮೇಲೆ 56 (4): 947–52. ತಿರುಗಿಸಿ ಬರೆದದ್ದು ಮೊದಲನೆಯವರ ಹೆಸರನ್ನು ಮಾತ್ರ, ಎರಡನೆಯವರದು ನೇರವಾಗಿಯೇ ಇದೆ, ಗಮನಿಸಿ. 'ಪಿ.' ಅಂದರೆ ಪೀಟರೋ ಪಾಲೋ ಎಂದು ಯಾವ ತಂತ್ರಾಂಶವೂ ಊಹಿಸುವುದಿಲ್ಲ. ನಾನು ಒಂದೊಂದೇ ಲೇಖನದ ಮೊದಲ ಪುಟ ತೆರೆದು ನೋಡಿದೆ, ಬೇರೆ ದಾರಿ ಇರಲಿಲ್ಲ. ರಾಜ್ಯಶಾಸ್ತ್ರಜ್ಞ ವಿ. ಒ. ಕೀ ಅವರ ಹಾಗೆ ಪುಸ್ತಕದ ಮೇಲೇ ಇನಿಶಿಯಲ್ ಹಾಕಿಕೊಂಡವರನ್ನು ಹಾಗೆಯೇ ಬಿಡಿ, ಬಿಡಿಸಲು ಹೋಗಬೇಡಿ.

ಇದೇ ಗೋಳು ಪ್ರಕಟಣೆಯ ಊರಿನದು. ಎಪಿಎಯ ಏಳನೆಯ ಆವೃತ್ತಿ ಊರನ್ನು ಕೈಬಿಟ್ಟಿದೆ, ಇಲ್ಲಿ ಅದು ಬೇಕು, ಹೀಗೆ: 'ನ್ಯೂ ಹೇವನ್: ಯೇಲ್ ಯೂನಿವರ್ಸಿಟಿ ಪ್ರೆಸ್.'

ಮೂವರು ಲೇಖಕರ ಕೃತಿಗಳಲ್ಲಿ ನಾನು ಸಿಕ್ಕಿಬಿದ್ದೆ. ಎಪಿಎಯಲ್ಲಿ ಪಠ್ಯದೊಳಗೆ ಮೂವರಾದ ಕೂಡಲೇ ಮೊದಲನೆಯವರ ಹೆಸರಿನ ಮುಂದೆ 'ಎಟ್ ಆಲ್.' (ಮತ್ತಿತರರು) ಬರುತ್ತದೆ. ಎಪಿಎಸ್‌ಎಯಲ್ಲಿ ಮೂವರವರೆಗೂ ಎಲ್ಲರ ಹೆಸರು ಬರೆಯಬೇಕು, ನಾಲ್ವರಾದ ಮೇಲೆ ಮಾತ್ರ ಮೊಟಕುಗೊಳಿಸಬಹುದು. ನನ್ನ ಮಾರ್ಗದರ್ಶಕರು ಕರಡಿನ ಅಂಚಿನಲ್ಲಿ 'ಉಳಿದಿಬ್ಬರು ಏನು ತಪ್ಪು ಮಾಡಿದ್ದರು?' ಎಂದು ಬರೆದು ವಾಪಸ್ ಕೊಟ್ಟಿದ್ದರು.

ಇಂಗ್ಲಿಷ್ ಶೀರ್ಷಿಕೆಗಳ ದೊಡ್ಡಕ್ಷರವನ್ನೂ ನೋಡಿಕೊಳ್ಳಿ. ಎಪಿಎ ಪಟ್ಟಿಯಲ್ಲಿ ಮೊದಲ ಪದಕ್ಕೆ, ಅಂಕಿತನಾಮಗಳಿಗೆ ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಇಲ್ಲಿ ಮುಖ್ಯ ಪದಗಳೆಲ್ಲ ದೊಡ್ಡಕ್ಷರದಿಂದಲೇ ಶುರು. ದೊಡ್ಡದು ಚಿಕ್ಕದು ಎಂಬ ಭೇದವೇ ಇಲ್ಲದ ಲಿಪಿಯಲ್ಲಿ ಓದಿ ಬೆಳೆದ ಕಣ್ಣಿಗೆ ಈ ತಪ್ಪು ಬೇಗ ಕಾಣುವುದಿಲ್ಲ.

ಆಕರಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶ ಬಳಸುತ್ತಿದ್ದರೆ ಶೈಲಿಯನ್ನು ಬದಲಿಸಿದ ಕೂಡಲೇ ಚಿಹ್ನೆಗಳು ತಾವೇ ಸರಿಹೋಗುತ್ತವೆ. ಆದರೆ ಡೇಟಾಬೇಸ್‌ನಿಂದ ಇಳಿಸಿಕೊಂಡ ದಾಖಲೆಯಲ್ಲಿ ಇನಿಶಿಯಲ್ ಮಾತ್ರ ಇದ್ದರೆ ಪಟ್ಟಿಯಲ್ಲೂ ಅದೇ ಬರುತ್ತದೆ. ಆದ್ದರಿಂದ ವರ್ಡ್ ಕಡತಕ್ಕೆ ಕೈ ಹಾಕುವ ಮುನ್ನ ಜೊಟೆರೊದಲ್ಲೇ ಹೆಸರು, ಊರು ತುಂಬಿ. ಕೈಯಿಂದ ಟೈಪ್ ಮಾಡಿದ್ದರೆ ಇವತ್ತೇ 'ಎಟ್ ಆಲ್.' ಎಂದು ಹುಡುಕಿ, ಎಷ್ಟು ಕಡೆ ಇದೆ ಎಣಿಸಿ. ವಿಭಾಗದವರ ಹತ್ತಿರ ಎಷ್ಟು ದಿನ ಕೇಳಬೇಕು ಎಂಬುದು ಆಗ ತಿಳಿಯುತ್ತದೆ.