ಗಡಿಯಾಚೆ ಅಪಘಾತವಾದರೆ ನಮ್ಮ ಕಾರಿನ ವಿಮೆ ಎಲ್ಲಿಯವರೆಗೆ ಬರುತ್ತದೆ?

ಪ್ರಶ್ನೆ: ನಾವು ನಾಲ್ವರು ಶಿವಮೊಗ್ಗದಿಂದ ಸ್ವಂತ ಕಾರಿನಲ್ಲಿ ನೇಪಾಳಕ್ಕೆ ಹೋಗಿದ್ದೆವು. ಸುನೌಲಿಯಲ್ಲಿ ಗಡಿ ದಾಟಿ ಪೋಖರಾಕ್ಕೆ ಹೋಗುವಾಗ ಬುಟ್ವಲ್ ಕಳೆದ ಮೇಲಿನ ಘಾಟಿಯಲ್ಲಿ ನಮ್ಮ ಕಾರು ಒಂದು ಬೈಕಿಗೆ ತಗುಲಿ, ಬದಿಯ ಕಲ್ಲಿನ ಗೋಡೆಗೆ ಗುದ್ದಿತು. ಬೈಕ್ ಸವಾರನ ಕೈಗೆ ಪೆಟ್ಟಾಗಿತ್ತು. ಪೊಲೀಸರ ಮುಂದೆ ಮಾತುಕತೆಯಾಗಿ ಅವನಿಗೆ 40,000 ನೇಪಾಳಿ ರೂಪಾಯಿ ಕೊಟ್ಟೆವು. ರೇಡಿಯೇಟರ್, ಬಂಪರ್, ಹೆಡ್‌ಲೈಟ್ ಹೋಗಿದ್ದರಿಂದ ಬುಟ್ವಲ್‌ನಲ್ಲೇ 1,28,000 ನೇಪಾಳಿ ರೂಪಾಯಿ ಖರ್ಚು ಮಾಡಿ ರಿಪೇರಿ ಮಾಡಿಸಿ ಊರಿಗೆ ಬಂದೆವು. ಹೊರಡುವ ಮುಂಚೆ ಏಜೆಂಟರ ಮೂಲಕ 500 ರೂಪಾಯಿ ಹೆಚ್ಚಿಗೆ ಕಟ್ಟಿ ಪಾಲಿಸಿಗೆ ನೇಪಾಳವನ್ನು ಸೇರಿಸಿದ್ದೆ. ಆದರೂ ‘ತಡವಾಗಿ ತಿಳಿಸಿದ್ದೀರಿ, ಸರ್ವೇ ಆಗುವ ಮೊದಲೇ ರಿಪೇರಿ ಮಾಡಿಸಿದ್ದೀರಿ’ ಎಂದು ಕಂಪನಿ ಕ್ಲೇಮ್ ತಿರಸ್ಕರಿಸಿದೆ. ಏನು ಮಾಡಲಿ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು 500 ರೂಪಾಯಿ ಕಟ್ಟಿ ಹೋಗಿದ್ದು ಬಹಳ ಒಳ್ಳೆಯ ಕೆಲಸವಾಯಿತು, ಅದಿಲ್ಲದಿದ್ದರೆ ಈ ಪತ್ರಕ್ಕೆ ಉತ್ತರವೇ ಇರುತ್ತಿರಲಿಲ್ಲ. ನಮ್ಮ ದೇಶದ ವಾಹನ ಪಾಲಿಸಿಗಳ ಶೆಡ್ಯೂಲಿನಲ್ಲಿ ‘ಭೌಗೋಳಿಕ ವ್ಯಾಪ್ತಿ: ಭಾರತ’ ಎಂಬ ಒಂದು ಸಾಲು ಇರುತ್ತದೆ. ಆ ವ್ಯಾಪ್ತಿಯ ಹೊರಗೆ ನಡೆದ ಯಾವುದೇ ನಷ್ಟಕ್ಕೆ, ಅದು ನಿಮ್ಮ ಕಾರಿನದಾಗಲಿ ಎದುರಿನವರದಾಗಲಿ, ಕಂಪನಿ ಹೊಣೆಯಲ್ಲ. ಇದನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳಿಗೆ ವಿಸ್ತರಿಸಿಕೊಳ್ಳಲು ಮೊದಲಿನಿಂದಲೂ ಅವಕಾಶವಿದೆ. 2002ರ ಮೋಟಾರ್ ಟ್ಯಾರಿಫ್, ಅಂದರೆ ವಾಹನ ವಿಮೆಯ ದರಪಟ್ಟಿಯ ಪ್ರಕಾರ, ಸ್ವಂತ ಕಾರಿನ ಹಾನಿಯನ್ನೂ ಹೊರುವ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ಎದುರಿನವರ ಹಾನಿಯನ್ನಷ್ಟೇ ಹೊರುವ ಥರ್ಡ್ ಪಾರ್ಟಿ ಪಾಲಿಸಿಗೆ 100 ರೂಪಾಯಿ ಹೆಚ್ಚುವರಿ ಪ್ರೀಮಿಯಂ. ನೀವು ಮೊದಲು ಮಾಡಬೇಕಾದದ್ದು, ಪಾಲಿಸಿಗೆ ಮಾಡಿದ ಈ ಸೇರ್ಪಡೆಯನ್ನು ಬರೆದುಕೊಟ್ಟ ಎಂಡಾರ್ಸ್‌ಮೆಂಟ್ ಹಾಳೆಯನ್ನು ತೆಗೆದು ಅದರಲ್ಲಿ ನೇಪಾಳದ ಹೆಸರು ಇದೆಯೇ, ‘ಇಂಥ ದಿನದಿಂದ ಇಂಥ ದಿನದವರೆಗೆ’ ಎಂದು ನಮೂದಿಸಿದ ಅವಧಿಯೊಳಗೆ ಅಪಘಾತದ ದಿನ ಬರುತ್ತದೆಯೇ ಎಂದು ನೋಡುವುದು. ಏಜೆಂಟರ ಕೈಗೆ ಹಣ ಕೊಟ್ಟ ರಸೀದಿಯೊಂದೇ ಸಾಲದು, ಕಂಪನಿ ಹೊರಡಿಸಿದ ಎಂಡಾರ್ಸ್‌ಮೆಂಟ್ ಬೇಕು.

ಇನ್ನು ತಿರಸ್ಕಾರಕ್ಕೆ ಕೊಟ್ಟ ಕಾರಣಗಳು. ಅಪಘಾತವಾದ ಕೂಡಲೇ ಬರವಣಿಗೆಯಲ್ಲಿ ತಿಳಿಸಬೇಕೆಂಬುದು ಪಾಲಿಸಿಯ ಷರತ್ತು, ನಿಜ. ಆದರೆ ತಡವಾಯಿತೆಂಬ ಒಂದೇ ತಾಂತ್ರಿಕ ಕಾರಣಕ್ಕೆ ಪ್ರಾಮಾಣಿಕ ಕ್ಲೇಮುಗಳನ್ನು ಯಾಂತ್ರಿಕವಾಗಿ ತಳ್ಳಿಹಾಕಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ಎಲ್ಲ ಕಂಪನಿಗಳಿಗೆ ತಿಳಿಸಿದೆ. ನಿಮ್ಮ ಮೇಲ್ಮನವಿಯಲ್ಲಿ ಈ ದಿನಾಂಕವನ್ನು ಕಾಣಿಸಿ, ತಡವಾದದ್ದೇಕೆ ಎಂಬುದನ್ನು ದಿನವಾರು ಬರೆಯಿರಿ. ಸರ್ವೇಗೆ ಮೊದಲೇ ರಿಪೇರಿ ಆದದ್ದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಏಕೆಂದರೆ ಒಡೆದದ್ದೇನು, ಎಷ್ಟು ಎಂದು ಅಳೆಯುವ ಅವಕಾಶ ಕಂಪನಿಗೆ ತಪ್ಪಿಹೋಗಿದೆ. ಇದಕ್ಕೆ ಉತ್ತರ ಮಾತಿನಲ್ಲಿಲ್ಲ, ದಾಖಲೆಯಲ್ಲಿದೆ. ಗೋಡೆಗೆ ಗುದ್ದಿದ ಸ್ಥಿತಿಯಲ್ಲೇ ತೆಗೆದ ಫೋಟೋ, ಗ್ಯಾರೇಜಿನ ವ್ಯಾಟ್ ಬಿಲ್, ಭನ್ಸಾರ್, ಅಂದರೆ ಗಡಿಯ ಸುಂಕದ ಕಟ್ಟೆಯಲ್ಲಿ ಕಾರಿಗೆ ಪಡೆದ ಪರವಾನಗಿ, ಇವಿಷ್ಟನ್ನೂ ಲಗತ್ತಿಸಿ, ಈಗಲಾದರೂ ಸರ್ವೇಯರರನ್ನು ನೇಮಿಸಿ ದಾಖಲೆಗಳ ಮೇಲೆ ನಷ್ಟ ನಿರ್ಧರಿಸುವಂತೆ ಲಿಖಿತವಾಗಿ ಕೇಳಿ. ಒಡೆದ ರೇಡಿಯೇಟರನ್ನು ಡಿಕ್ಕಿಯಲ್ಲಿ ಹಾಕಿಕೊಂಡು ತಂದಿದ್ದರೆ ಅದನ್ನು ಗುಜರಿಗೆ ಕೊಡಬೇಡಿ. ಬಿಲ್ಲಿನ ಹತ್ತು ಹಾಳೆ ಹೇಳದ್ದನ್ನು ಹಳೆಯ ಭಾಗವೊಂದು ಸರ್ವೇಯರರಿಗೆ ಹೇಳುತ್ತದೆ.

ಪೊಲೀಸ್ ಕಾಗದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ಪೊಲೀಸರು ಬರೆಯುವ ‘ಘಟನಾಸ್ಥಳ ಮುಚುಲ್ಕಾ’ ನಮ್ಮ ಸ್ಥಳ ಮಹಜರಿನಂಥದೇ. ಅದು ನೇಪಾಳಿ ಭಾಷೆಯಲ್ಲಿರುತ್ತದೆ, ತಾರೀಖು ವಿಕ್ರಮ ಸಂವತ್ ಎಂಬ ಅಲ್ಲಿನ ವರ್ಷಗಣನೆಯಲ್ಲಿರುತ್ತದೆ. ಉದಾಹರಣೆಗೆ, ಅದರಲ್ಲಿ ‘2081 ಕಾರ್ತಿಕ 20’ ಎಂದಿದ್ದರೆ ಅದು 2024ರ ನವೆಂಬರ್ 5. ಅಲ್ಲಿನ ಕಾರ್ತಿಕ ಸೌರಮಾನದ ತಿಂಗಳು, ನಮ್ಮ ಪಂಚಾಂಗದ ಕಾರ್ತಿಕ ಮಾಸಕ್ಕೆ ಅದನ್ನು ಹೊಂದಿಸಲು ಹೋದರೆ ದಿನಗಳು ತಪ್ಪುತ್ತವೆ. ಕ್ಲೇಮ್ ಅರ್ಜಿಯಲ್ಲಿ ಒಂದು ತಾರೀಖು, ಮುಚುಲ್ಕಾದಲ್ಲಿ ಇನ್ನೊಂದು ಕಂಡರೆ ಅನುಮಾನ ಹುಟ್ಟುವುದು ಸಹಜ. ಆದ್ದರಿಂದ ದೃಢೀಕರಿಸಿದ ಇಂಗ್ಲಿಷ್ ಅನುವಾದವನ್ನು ಮಾಡಿಸಿ, ಎರಡೂ ತಾರೀಖುಗಳನ್ನು ಅಕ್ಕಪಕ್ಕದಲ್ಲಿ ಬರೆಸಿ.

ಬೈಕ್ ಸವಾರನಿಗೆ ಕೊಟ್ಟ 40,000ದ ವಿಷಯದಲ್ಲಿ ನಿಮಗೆ ಭರವಸೆ ಕೊಡಲಾರೆ. ನಮ್ಮ ಹಣದಲ್ಲಿ ಅದು 25,000 ರೂಪಾಯಿ. ಭಾರತದ ಒಂದು ರೂಪಾಯಿಗೆ ನೇಪಾಳದ 1.60 ಎಂಬುದು ನಿಗದಿಯಾದ ದರ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮಾದಾರರು ತಪ್ಪೊಪ್ಪಿಕೊಳ್ಳುವಂತಿಲ್ಲ, ಪರಿಹಾರದ ಮಾತು ಕೊಡುವಂತಿಲ್ಲ, ಹಣ ಕೊಡುವಂತಿಲ್ಲ ಎಂದು ಪಾಲಿಸಿಯಲ್ಲಿ ಸ್ಪಷ್ಟವಾಗಿದೆ. ಅಪರಿಚಿತ ಊರಿನಲ್ಲಿ, ಜನ ಸೇರಿರುವಾಗ, ಗಾಯಾಳು ಕಣ್ಣೆದುರಿಗೇ ಇರುವಾಗ ನೀವು ಹಣ ಕೊಟ್ಟದ್ದನ್ನು ಯಾರೂ ತಪ್ಪೆನ್ನಲಾರರು, ನಾನಂತೂ ಅನ್ನುವುದಿಲ್ಲ. ಆದರೆ ಅದನ್ನು ಕಂಪನಿ ತುಂಬಿಕೊಡಬೇಕೆಂದು ಕೇಳಲು ನಿಮ್ಮ ಬಳಿ ಬಲವಾದ ಆಧಾರವಿಲ್ಲ. ರಾಜಿಯ ಕಾಗದ, ಅಲ್ಲಿ ಅದನ್ನು ಮಿಲಾಪತ್ರ ಎನ್ನುತ್ತಾರೆ, ಅದನ್ನು ಮಾತ್ರ ಜೋಪಾನವಾಗಿಡಿ. ಆ ಸವಾರನಿಂದ ಮುಂದೆ ಇನ್ನೊಂದು ಬೇಡಿಕೆ ಬಂದರೆ ಅದು ಬೇಕಾಗುತ್ತದೆ.

ಕ್ಲೇಮ್ ಮಂಜೂರಾದರೂ ರಿಪೇರಿಯ 1,28,000 ನೇಪಾಳಿ ರೂಪಾಯಿ, ಅಂದರೆ 80,000 ಭಾರತೀಯ ರೂಪಾಯಿ, ಪೂರ್ತಿ ಕೈಗೆ ಬರುವುದಿಲ್ಲ. ಸವಕಳಿ ಕಳೆಯದೆ ಹಣ ಕೊಡುವ ‘ಝೀರೋ ಡೆಪ್’ ರಕ್ಷಣೆ ಪಾಲಿಸಿಯಲ್ಲಿ ಇಲ್ಲದಿದ್ದರೆ ಬಂಪರಿನಂಥ ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಸವಕಳಿ ಕಳೆಯುತ್ತಾರೆ. ಇದಲ್ಲದೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 2,000 ರೂಪಾಯಿ ಕಡ್ಡಾಯ ಕಡಿತ ಇದೆ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿಯ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಅಲ್ಲಿ ನೋಡುತ್ತಾರೆ.

ಪ್ರಶ್ನೆ: ನನ್ನ ಮಗ ದುಬೈಯಲ್ಲಿದ್ದಾನೆ. ಈ ಮಳೆಗಾಲದಲ್ಲಿ ಅಲ್ಲಿಂದ ಕಾರಿನಲ್ಲಿ ಒಮಾನ್‌ನ ಸಲಾಲಾಕ್ಕೆ ಕುಟುಂಬದೊಂದಿಗೆ ಹೋಗುವವನಿದ್ದಾನೆ. ಅಲ್ಲಿ ಏನಾದರೂ ಆದರೆ ದುಬೈಯ ವಿಮೆ ನಡೆಯುತ್ತದೆಯೇ?
— ಗೃಹಿಣಿಯೊಬ್ಬರು, ಉಡುಪಿ

ಉತ್ತರ: ನಡೆಯುತ್ತದೆ, ಆದರೆ ಪಾಲಿಸಿಯಲ್ಲಿ ಒಮಾನ್ ಎಂದು ಬರೆದಿದ್ದರೆ ಮಾತ್ರ. ಇಲ್ಲಿ ಎರಡು ಬೇರೆಬೇರೆ ಸಂಗತಿಗಳನ್ನು ನಿಮ್ಮ ಮಗ ಬಿಡಿಸಿ ನೋಡಬೇಕು. ಆರೆಂಜ್ ಕಾರ್ಡ್ ಎಂದು ಕರೆಯುವ ಕಾಗದವು 1975ರಲ್ಲಿ ಟ್ಯೂನಿಸ್‌ನಲ್ಲಿ ಅರಬ್ ದೇಶಗಳು ಮಾಡಿಕೊಂಡ ಒಪ್ಪಂದದ ಫಲ. ಅದು ಎದುರಿನವರಿಗೆ ಆದ ಹಾನಿಯನ್ನಷ್ಟೇ ಹೊರುತ್ತದೆ. ತನ್ನ ಕಾರಿನ ಹಾನಿಗೆ ಸಮಗ್ರ ಪಾಲಿಸಿಯನ್ನು ಒಮಾನ್‌ಗೂ ವಿಸ್ತರಿಸಿಕೊಂಡಿರಬೇಕು. ಕಾರ್ಡ್ ಕೈಯಲ್ಲಿದೆ ಎಂದು ನೆಮ್ಮದಿಯಿಂದ ಹೊರಟು, ಮಂಜು ಮುಸುಕಿದ ದಾರಿಯಲ್ಲಿ ಕಾರನ್ನು ಜಖಂ ಮಾಡಿಕೊಂಡ ಮೇಲೆ ಈ ವ್ಯತ್ಯಾಸ ತಿಳಿದರೆ ಪ್ರಯೋಜನವಿಲ್ಲ.

ಅಪಘಾತವಾದರೆ ಎಷ್ಟೇ ಸಣ್ಣದಿರಲಿ, ರಾಯಲ್ ಒಮಾನ್ ಪೊಲೀಸರ ವರದಿ ಪಡೆಯದೆ ಅವನು ಮರಳಿ ಗಡಿ ದಾಟಬಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಪೊಲೀಸ್ ಕಾಗದವಿಲ್ಲದೆ ಗ್ಯಾರೇಜಿನವರು ಜಖಂ ಆದ ಕಾರನ್ನು ರಿಪೇರಿಗೆ ತೆಗೆದುಕೊಳ್ಳುವಂತಿಲ್ಲ, ವಿಮಾ ಕಂಪನಿ ಕ್ಲೇಮ್ ದಾಖಲಿಸುವುದೂ ಇಲ್ಲ. ಅಲ್ಲಿ ವಿವಾದ ಉಂಟಾದರೆ ನಮ್ಮ ಓಂಬುಡ್ಸ್‌ಮನ್‌ಗೆ ಅಧಿಕಾರವಿಲ್ಲ. ಮೊದಲು ಕಂಪನಿಗೆ, ನಂತರ ಸನದಕ್ ಎಂಬ ಅಲ್ಲಿನ ದೂರು ಸಂಸ್ಥೆಗೆ ಹೋಗಬೇಕು.

ಪ್ರಶ್ನೆ: ಮಗಳನ್ನು ನೋಡಲು ಜರ್ಮನಿಗೆ ಹೋಗಿ ಅಲ್ಲಿ ಬಾಡಿಗೆ ಕಾರು ಓಡಿಸುವ ಆಸೆ. ಇಲ್ಲಿನ ನನ್ನ ಕಾರಿನ ಪಾಲಿಸಿ ಅಲ್ಲಿಗೆ ಅನ್ವಯವಾಗುತ್ತದೆಯೇ?
— ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಇಲ್ಲ. ಪಾಲಿಸಿ ನಿಮ್ಮ ಆ ಒಂದು ಕಾರಿಗೆ ಅಂಟಿಕೊಂಡದ್ದು, ನಿಮಗಲ್ಲ. ಬಾಡಿಗೆ ಕಾರಿಗೆ ಥರ್ಡ್ ಪಾರ್ಟಿ ವಿಮೆ ಅದರ ಮಾಲೀಕರದೇ ಇರುತ್ತದೆ. ಕಾರಿಗೆ ಆಗುವ ಹಾನಿಯಲ್ಲಿ ನಿಮ್ಮ ಪಾಲು ಎಷ್ಟು ಯೂರೋ ಎಂಬುದನ್ನು ಕರಾರಿನಲ್ಲಿ ಓದಿ, ಅದನ್ನು ಇಳಿಸುವ ರಕ್ಷಣೆಯನ್ನು ಕೌಂಟರಿನಲ್ಲೇ ಕೊಳ್ಳಿ. ಹೊರಡುವ ಮೊದಲು ಆರ್‌ಟಿಒ ಕಚೇರಿಯಿಂದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಪಡೆಯಿರಿ. ಕಾರನ್ನು ಕೈಗೆ ತೆಗೆದುಕೊಳ್ಳುವಾಗ ನಾಲ್ಕೂ ಬದಿಯ ಫೋಟೋ ತೆಗೆದು, ಹಳೆಯ ಗೀರುಗಳನ್ನು ಅವರ ಕಾಗದದಲ್ಲೇ ಗುರುತು ಹಾಕಿಸಿಕೊಳ್ಳಿ.